ಕಡಲ ಮೀನಿನ ಮೈಮೇಲೆ ಬಿಳಿ ಚುಕ್ಕೆ

ಹಜಾರದಲ್ಲಿಟ್ಟ ಗಾಜಿನ ತೊಟ್ಟಿಯಲ್ಲಿ ಕಿತ್ತಳೆ ಮೈಗೆ ಬಿಳಿ ಪಟ್ಟೆ ಹೊತ್ತ ಕ್ಲೌನ್ ಮೀನು, ಕಡುನೀಲಿಯ ಟ್ಯಾಂಗ್ ಮೀನು ಓಡಾಡುತ್ತಿದ್ದರೆ ಮನೆಗೆ ಬಂದವರೆಲ್ಲ ಒಂದು ಕ್ಷಣ ಅಲ್ಲೇ ನಿಂತು ನೋಡುತ್ತಾರೆ. ಒಂದು ಬೆಳಿಗ್ಗೆ ಮಗು ಓಡಿಬಂದು, ‘ಅಮ್ಮಾ, ಮೀನಿನ ಮೇಲೆ ಯಾರೋ ಉಪ್ಪು ಚೆಲ್ಲಿದ್ದಾರೆ’ ಎನ್ನುತ್ತದೆ. ಹತ್ತಿರ ಹೋಗಿ ನೋಡಿದರೆ ಬೆನ್ನಿನ ಮೇಲೆ, ಈಜುರೆಕ್ಕೆಗಳ ಮೇಲೆ ಉಪ್ಪಿನ ಹರಳಿನಂಥ ಸಣ್ಣ ಚುಕ್ಕೆಗಳು. ಔಷಧ ತರಬೇಕೆಂದು ಯೋಚಿಸುತ್ತಿರುವಾಗಲೇ ಕೆಲವು ದಿನಗಳಲ್ಲಿ ಅವು ತಾವಾಗಿಯೇ ಮಾಯ! ಮನೆಯವರಿಗೆ ನೆಮ್ಮದಿ. ಆದರೆ ಒಂದೆರಡು ವಾರ ಕಳೆಯುವುದರೊಳಗೆ ಚುಕ್ಕೆಗಳು ಮತ್ತೆ ಬರುತ್ತವೆ, ಮೊದಲಿಗಿಂತ ಹಲವು ಪಟ್ಟು ಹೆಚ್ಚಾಗಿ. ಮೀನುಗಳು ಒಂದೊಂದಾಗಿ ಸಾಯತೊಡಗುತ್ತವೆ.

ಇದೇ ಉಪ್ಪುನೀರಿನ ಬಿಳಿಚುಕ್ಕೆ ರೋಗ. ಕಾರಣ ‘ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್’ ಎಂಬ ಏಕಕೋಶ ಪರಾವಲಂಬಿ ಜೀವಿ.

ಚುಕ್ಕೆ ಮಾಯವಾಗುವುದೇಕೆ?

ಈ ಜೀವಿಯ ಬಾಳು ಮೂರು ಹಂತದ್ದು. ಮೊದಲು ಅದು ಮೀನಿನ ಚರ್ಮ ಮತ್ತು ಕಿವಿರುಗಳ ಮೇಲ್ಪದರದೊಳಗೆ ಹುದುಗಿ, ಅಲ್ಲಿನ ಜೀವಕೋಶಗಳನ್ನು ತಿಂದು ಬೆಳೆಯುತ್ತದೆ. ನಮಗೆ ಕಾಣುವ ಚುಕ್ಕೆ ಇದೇ. ಮೂರರಿಂದ ಏಳು ದಿನಗಳಲ್ಲಿ ಬಲಿತು, ಮೀನನ್ನು ಬಿಟ್ಟು ಕೆಳಗಿಳಿದು, ಮರಳು ಅಥವಾ ಕಲ್ಲಿಗೆ ಅಂಟಿಕೊಂಡು ಸುತ್ತ ಗಟ್ಟಿ ಕವಚ ಕಟ್ಟಿಕೊಳ್ಳುತ್ತದೆ. ಕವಚದೊಳಗೆ ಒಂದು ಜೀವಿ ಒಡೆದು ನೂರಾರು ಮರಿಗಳಾಗುತ್ತವೆ. ಕವಚ ಒಡೆದಾಗ ಹೊರಬಂದ ಮರಿಗಳು ಒಂದೆರಡು ದಿನಗಳೊಳಗೆ ಮೀನನ್ನು ಹಿಡಿಯದಿದ್ದರೆ ಸಾಯುತ್ತವೆ. ಸಮುದ್ರದಲ್ಲಿ ಬಹುಪಾಲು ಹೀಗೆಯೇ ಸಾಯುತ್ತವೆ. ಇಕ್ಕಟ್ಟಾದ ತೊಟ್ಟಿಯಲ್ಲಾದರೋ ಮೀನು ಪಕ್ಕದಲ್ಲೇ ಸಿಗುತ್ತದೆ!

ಚುಕ್ಕೆ ಮಾಯವಾಯಿತೆಂದರೆ ರೋಗ ವಾಸಿಯಾಯಿತೆಂದು ಅರ್ಥವಲ್ಲ, ಮುಂದಿನ ದಾಳಿಯ ಸಿದ್ಧತೆ ನಡೆದಿದೆಯೆಂದು ಅರ್ಥ.

ಗುರುತಿಸುವುದು ಹೇಗೆ?

ಮೀನು ಕಲ್ಲಿಗೆ ಮೈ ಉಜ್ಜಿಕೊಳ್ಳುವುದು, ಮೇವು ಬಿಡುವುದು, ರೆಕ್ಕೆ ಮುದುರಿಕೊಳ್ಳುವುದು, ಏದುಸಿರು ಬಿಡುವುದು ಇದರ ಲಕ್ಷಣಗಳು. ರೋಗ ಕಿವಿರಿಗೆ ಮಾತ್ರ ತಗುಲಿದ್ದರೆ ಮೈಮೇಲೆ ಒಂದು ಚುಕ್ಕೆಯೂ ಕಾಣದಿರಬಹುದು.

ಇದನ್ನೇ ಹೋಲುವ ಬೇರೆ ರೋಗಗಳೂ ಉಂಟು. ಚುಕ್ಕೆಯ ಬದಲು ಹೊಂಬಣ್ಣದ ಸಣ್ಣ ಧೂಳು ಚಿಮುಕಿಸಿದಂತಿದ್ದು, ಮೀನು ತೀವ್ರವಾಗಿ ಏದುತ್ತಿದ್ದರೆ ಅದು ‘ವೆಲ್ವೆಟ್’ ರೋಗವಿರಬಹುದು. ಇದು ಒಂದೆರಡು ದಿನಗಳಲ್ಲೇ ಇಡೀ ತೊಟ್ಟಿಯನ್ನು ಬರಿದು ಮಾಡಬಲ್ಲದು, ತಡಮಾಡುವಂತಿಲ್ಲ. ಕ್ಲೌನ್ ಮೀನಿನ ಮೈಯಿಂದ ಲೋಳೆ ಪದರ ಪದರವಾಗಿ ಕಳಚುತ್ತಿದ್ದರೆ ಅದು ‘ಬ್ರೂಕ್ಲಿನೆಲ್ಲಾ’ ಎಂಬ ಮತ್ತೊಂದು ಪರಾವಲಂಬಿಯ ಕೆಲಸವಿರಬಹುದು. ತಾಮ್ರದ ಔಷಧ ಅದಕ್ಕೆ ನಾಟುವುದಿಲ್ಲ. ರೆಕ್ಕೆಯ ಅಂಚಿನಲ್ಲಿ ಹೂಕೋಸಿನಂಥ ಗಂಟು ಕಂಡರೆ ಅದು ಸಾಮಾನ್ಯವಾಗಿ ‘ಲಿಂಫೋಸಿಸ್ಟಿಸ್’ ಎಂಬ ವೈರಸ್ ರೋಗ. ಅದಕ್ಕೆ ಔಷಧವಿಲ್ಲ, ಶುದ್ಧ ನೀರು, ಒಳ್ಳೆಯ ಮೇವು ಸಿಕ್ಕರೆ ಹೆಚ್ಚಾಗಿ ತಾನೇ ಕರಗುತ್ತದೆ.

ಚಿಕಿತ್ಸೆ

ಮೊದಲ ಕೆಲಸ, ಎಲ್ಲ ಮೀನುಗಳನ್ನೂ ಬೇರೊಂದು ತೊಟ್ಟಿಗೆ ಸಾಗಿಸುವುದು. ಚುಕ್ಕೆ ಇಲ್ಲದ ಮೀನನ್ನು ಹಳೆಯ ತೊಟ್ಟಿಯಲ್ಲೇ ಬಿಟ್ಟರೆ ರೋಗ ಅಲ್ಲಿಯೇ ಉಳಿಯುತ್ತದೆ. ಚಿಕಿತ್ಸೆಯ ತೊಟ್ಟಿಯಲ್ಲಿ ಮರಳು, ಕಲ್ಲು ಬೇಡ, ಅವು ಔಷಧವನ್ನು ಹೀರುತ್ತವೆ. ಮೀನು ಅಡಗಿಕೊಳ್ಳಲು ಪ್ಲಾಸ್ಟಿಕ್ ಪೈಪಿನ ತುಂಡುಗಳು ಸಾಕು. ಶೋಧಕದಲ್ಲಿ ಇದ್ದಿಲಿದ್ದರೆ ತೆಗೆದಿಡಿ.

ಬಹುಕಾಲದಿಂದ ಬಳಕೆಯಲ್ಲಿರುವ ಔಷಧ ತಾಮ್ರ. ತಾಮ್ರದ ಸಲ್ಫೇಟ್ ಬಳಸುವಾಗ ನೀರಿನಲ್ಲಿ ತಾಮ್ರದ ಪ್ರಮಾಣ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ಇರಬೇಕು. ಇದಕ್ಕಿಂತ ಕಡಿಮೆಯಾದರೆ ಪರಾವಲಂಬಿ ಸಾಯದು. ಹೆಚ್ಚಾದರೆ ಮೀನೇ ಸಾಯುತ್ತದೆ. ಆದ್ದರಿಂದ ಒಂದೆರಡು ದಿನಗಳಲ್ಲಿ ನಿಧಾನವಾಗಿ ಈ ಮಟ್ಟಕ್ಕೆ ಏರಿಸಿ, ಪರೀಕ್ಷಾ ಕಿಟ್‌ನಿಂದ ದಿನವೂ ಅಳೆಯಬೇಕು. ಬೇರೆ ಬಗೆಯ ತಾಮ್ರದ ಔಷಧಗಳಿಗೆ ಪ್ರಮಾಣ ಬೇರೆ. ಸೀಸೆಯ ಮೇಲಿನ ಸೂಚನೆ ಓದಿಕೊಳ್ಳಿ. ತಾಮ್ರ ಕೊಲ್ಲುವುದು ನೀರಿನಲ್ಲಿ ಈಜುವ ಮರಿಗಳನ್ನು ಮಾತ್ರ. ಹಾಗಾಗಿ ಕನಿಷ್ಠ ಮೂರು ವಾರ ಬಿಡದೆ ಮುಂದುವರಿಸಬೇಕು. ಹವಳ, ಸಿಗಡಿ, ಶಂಖದ ಹುಳುಗಳಿಗೆ ತಾಮ್ರ ವಿಷ. ಮುಖ್ಯ ತೊಟ್ಟಿಗೆ ಇದನ್ನು ಎಂದೂ ಸುರಿಯಬೇಡಿ.

ಮತ್ತೊಂದು ದಾರಿ ಉಪ್ಪಿನಂಶ ತಗ್ಗಿಸುವುದು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಚಿಕಿತ್ಸೆಯ ತೊಟ್ಟಿಯಲ್ಲಿ ಇದನ್ನು ಕೆಲವು ದಿನಗಳಲ್ಲಿ ಹಂತಹಂತವಾಗಿ 15 ಗ್ರಾಂಗೆ ಇಳಿಸಿ ಮೂರರಿಂದ ನಾಲ್ಕು ವಾರ ಇಟ್ಟರೆ ಪರಾವಲಂಬಿಯ ಕವಚಗಳು ಸಾಮಾನ್ಯವಾಗಿ ಕೆಡುತ್ತವೆ. ಆದರೆ ವೆಲ್ವೆಟ್ ರೋಗಕ್ಕೆ ಇದು ಉಪಯೋಗವಿಲ್ಲ.

ಇತ್ತ ಮೀನಿಲ್ಲದ ಮುಖ್ಯ ತೊಟ್ಟಿಯನ್ನು ಹಾಗೆಯೇ ಬಿಡಬೇಕು. ಕೆಲವು ಕವಚಗಳು 72 ದಿನಗಳವರೆಗೆ ಒಡೆಯದೆ ಉಳಿದದ್ದು ದಾಖಲಾಗಿರುವುದರಿಂದ 76 ದಿನ ಕಾಯುವುದು ಅನುಭವಿಗಳ ರೂಢಿ.

ಸಿಹಿನೀರಿನ ಮೀನಿಗೆ ಮಾಡಿದಂತೆ ನೀರನ್ನು ಬಿಸಿ ಮಾಡುವುದರಿಂದ ಈ ರೋಗ ವಾಸಿಯಾಗುವುದಿಲ್ಲ. ಮೀನನ್ನು ಸಿಹಿನೀರಿನಲ್ಲಿ ಅದ್ದಿ ತೆಗೆದರೂ ಚರ್ಮದೊಳಗೆ ಹುದುಗಿದ ಜೀವಿ ಸಾಯುವುದಿಲ್ಲ.

ಬರದಂತೆ ತಡೆಯಿರಿ

ರೋಗ ಬರುವುದು ಹೆಚ್ಚಾಗಿ ಹೊಸ ಮೀನಿನ ಜೊತೆ. ಎಷ್ಟೇ ಚೆನ್ನಾಗಿ ಕಂಡರೂ ಹೊಸ ಮೀನನ್ನು ನಾಲ್ಕು ವಾರ ಪ್ರತ್ಯೇಕವಾಗಿಡಿ. ಅದಕ್ಕೆ ಬಲೆ, ಬಕೆಟ್ ಬೇರೆಯೇ ಇರಲಿ. ಅಂಗಡಿಯ ನೀರನ್ನು ನಿಮ್ಮ ತೊಟ್ಟಿಗೆ ಸುರಿಯಬೇಡಿ. ಸಾಧ್ಯವಾದರೆ ಸಾಕಣೆಯಲ್ಲಿ ಹುಟ್ಟಿದ ಮೀನನ್ನೇ ಕೇಳಿ ತನ್ನಿ. ಕ್ಲೌನ್ ಮೀನಿನ ಮರಿ ಮಾಡಿಸುವ ತಂತ್ರವನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ನಮ್ಮ ದೇಶದಲ್ಲೇ ರೂಪಿಸಿದೆ.

ನಿಮ್ಮ ಕೈಗೂ ಎಚ್ಚರ

ಬಿಳಿಚುಕ್ಕೆ ರೋಗ ಮನುಷ್ಯರಿಗೆ ಹರಡುವುದಿಲ್ಲ. ಆದರೆ ಮೀನು ಮೇವು ತಿಂದರೂ ಬಡಕಲಾಗಿ, ಹೊಟ್ಟೆ ಒಳಸೇರಿ, ಮೈಮೇಲೆ ಹುಣ್ಣೆದ್ದರೆ ಬೇರೊಂದು ಸಂಶಯ ಪಡಬೇಕು. ಅದು ಕ್ಷಯ ರೋಗಾಣುವಿನ ಹತ್ತಿರದ ಸಂಬಂಧಿಯಾದ ‘ಮೈಕೋಬ್ಯಾಕ್ಟೀರಿಯಂ ಮರೈನಮ್’ ಇರಬಹುದು. ಕೈಯಲ್ಲಿ ಗಾಯವಿದ್ದಾಗ ತೊಟ್ಟಿ ತೊಳೆದರೆ ಇದು ನಮಗೂ ಅಂಟುತ್ತದೆ. ಕೆಲವು ವಾರಗಳ ನಂತರ ಬೆರಳಿನ ಮೇಲೆ, ಮುಂಗೈ ಮೇಲೆ ಕೆಂಪು ಗಂಟುಗಳೇಳುತ್ತವೆ. ಸಾಮಾನ್ಯ ಮುಲಾಮಿಗೆ ಇದು ಜಗ್ಗದು. ಹಲವು ತಿಂಗಳ ಔಷಧ ಬೇಕಾಗುತ್ತದೆ.

ಆದ್ದರಿಂದ ಗಾಯವಿದ್ದವರು ತೊಟ್ಟಿಗೆ ಕೈ ಹಾಕಬಾರದು. ಹಾಕಲೇಬೇಕಾದರೆ ಉದ್ದನೆಯ ರಬ್ಬರ್ ಕೈಗವಸು ತೊಡಬೇಕು. ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು. ಮಕ್ಕಳಿಗೂ ಇದನ್ನು ರೂಢಿಸಿ. ಕೈಯಲ್ಲಿ ವಾಸಿಯಾಗದ ಗಂಟು ಕಂಡರೆ ಚರ್ಮ ವೈದ್ಯರ ಬಳಿ ಹೋದಾಗ, ಮನೆಯಲ್ಲಿ ಮೀನು ಸಾಕಿದ್ದೇವೆ ಎಂದು ನೀವಾಗಿಯೇ ಹೇಳಿ. ಆ ಒಂದು ಮಾತಿನಿಂದ ರೋಗ ಬೇಗ ಪತ್ತೆಯಾಗುತ್ತದೆ.