ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆಯಲ್ಲಿ ಲೋಪ: ಪರಿಹಾರಧನ ಮತ್ತು ಅದರ ಹೊರೆ

ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ತೊಂದರೆಗೊಳಗಾದವರು ಪರಿಹಾರ ಕೋರುವ ಮುನ್ನ ತಿಳಿದಿರಬೇಕಾದ ಅಂಶಗಳನ್ನು ಕುಲಗೋಡ ಹಾಗೂ ಮೂಡಲಗಿ, ಗೋಕಾಕ, ಹುಕ್ಕೇರಿ ತಾಲ್ಲೂಕುಗಳ ನಾಗರಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

1. ಹೊಣೆ ಯಾರದು?
ಕರ್ತವ್ಯನಿರತ ಸರ್ಕಾರಿ ವೈದ್ಯರ ನಿರ್ಲಕ್ಷ್ಯಕ್ಕೆ ರಾಜ್ಯವೂ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯವು 2000ರಲ್ಲಿ, ಹರಿಯಾಣದ ವಿಫಲ ಸಂತಾನಹರಣ ಶಸ್ತ್ರಚಿಕಿತ್ಸೆಯ ಪ್ರಕರಣದಲ್ಲಿ ತೀರ್ಪಿತ್ತಿತು. ಆದರೆ ಶಸ್ತ್ರಚಿಕಿತ್ಸೆ ವಿಫಲವಾದ ಮಾತ್ರಕ್ಕೆ ನಿರ್ಲಕ್ಷ್ಯ ಸಾಬೀತಾಗದೆಂದು 2005ರಲ್ಲಿ ಪಂಜಾಬಿನ ಪ್ರಕರಣದಲ್ಲಿ ಸ್ಪಷ್ಟಪಡಿಸಿತು.

2. ಗ್ರಾಹಕರ ಆಯೋಗ
1995ರ ತೀರ್ಪಿನಂತೆ, ಎಲ್ಲರಿಗೂ ಉಚಿತ ಸೇವೆ ನೀಡುವ ಆಸ್ಪತ್ರೆಗಳು ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲ. ಕೇವಲ ನೋಂದಣಿ ಶುಲ್ಕವನ್ನು ಸೇವಾ ಶುಲ್ಕವೆಂದು ಪರಿಗಣಿಸಲಾಗದು. ಕೆಲವರಿಂದ ಶುಲ್ಕ ಪಡೆಯುವ ಆಸ್ಪತ್ರೆಯಾದಲ್ಲಿ ಉಚಿತ ಚಿಕಿತ್ಸೆ ಪಡೆದವರೂ ದೂರು ಸಲ್ಲಿಸಬಹುದು. ಅವಧಿ 2 ವರ್ಷ.

3. ಕುಟುಂಬ ಯೋಜನಾ ಪರಿಹಾರ
ಸಂತಾನಹರಣ ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದಂತೆ 2005ರಿಂದ ಪ್ರತ್ಯೇಕ ಯೋಜನೆಯಿದ್ದು, ಇದರಡಿ ನಿರ್ಲಕ್ಷ್ಯವನ್ನು ಸಾಬೀತುಪಡಿಸುವ ಅಗತ್ಯವಿಲ್ಲ. 2013ರ ಮಾರ್ಗಸೂಚಿಯಲ್ಲಿ, ಆಸ್ಪತ್ರೆಯಲ್ಲಿ ಅಥವಾ ಬಿಡುಗಡೆಯಾದ 7 ದಿನಗಳೊಳಗೆ ಮರಣಕ್ಕೆ ರೂ. 2 ಲಕ್ಷ, 8ರಿಂದ 30 ದಿನಗಳೊಳಗಿನ ಮರಣಕ್ಕೆ ರೂ. 50,000 ಹಾಗೂ ವೈಫಲ್ಯಕ್ಕೆ ರೂ. 30,000 ನಿಗದಿಯಾಗಿತ್ತು. ಛತ್ತೀಸ್‌ಗಢದ ಬಿಲಾಸ್‌ಪುರ ಶಿಬಿರದಲ್ಲಿ 2014ರಲ್ಲಿ ಮಹಿಳೆಯರು ಮೃತಪಟ್ಟ ನಂತರ, ಮೊತ್ತವನ್ನು ಹೆಚ್ಚಿಸಿ ಹೊರೆಯನ್ನು ಕೇಂದ್ರ ಮತ್ತು ರಾಜ್ಯ ಸಮವಾಗಿ ಹಂಚಿಕೊಳ್ಳುವಂತೆ ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ಆದೇಶಿಸಿತು. ಪ್ರಸ್ತುತ ದರವನ್ನು ಅರ್ಜಿ ಸಲ್ಲಿಸುವಾಗ ಖಚಿತಪಡಿಸಿಕೊಳ್ಳತಕ್ಕದ್ದು.

ಘಟನೆಯಾದ 90 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ಮುಟ್ಟು ನಿಂತಲ್ಲಿ 2 ವಾರಗಳೊಳಗೆ ಆಸ್ಪತ್ರೆಗೆ ತಿಳಿಸಬೇಕು. ಈ ಪರಿಹಾರವೇ ಅಂತಿಮವೆಂಬ ಷರತ್ತು ಒಪ್ಪಿಗೆ ಪತ್ರದಲ್ಲಿರುವುದರಿಂದ, ಅದನ್ನು ಓದಿಸಿ ಕೇಳಿಯೇ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕುವುದು.

4. ಹಣದ ಮೂಲ
ಈ ಯೋಜನೆಯ ಪರಿಹಾರವನ್ನು ರಾಷ್ಟ್ರೀಯ ಆರೋಗ್ಯ ಅಭಿಯಾನದ ಅನುದಾನದಿಂದ ಭರಿಸಲಾಗುತ್ತದೆ. ಔಷಧ, ಸಿಬ್ಬಂದಿ ಮತ್ತು ಆಂಬುಲೆನ್ಸ್ ವೆಚ್ಚಕ್ಕೂ ಅದೇ ಅಭಿಯಾನದಿಂದ ಹಣ ದೊರೆಯುತ್ತದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಹೆರಿಗೆಯ ನಂತರ ಬಾಣಂತಿಯರು ಮೃತಪಟ್ಟು, ನರದ ಮೂಲಕ ನೀಡಿದ ದ್ರಾವಣದ ಮೇಲೆ ಸಂಶಯ ಮೂಡಿದಾಗ, ಅವರ ಕುಟುಂಬಗಳಿಗೆ ರಾಜ್ಯ ಸರ್ಕಾರ ಪರಿಹಾರ ಪ್ರಕಟಿಸಿತು. ಲೋಪವನ್ನು ತಡೆಗಟ್ಟುವ ವೆಚ್ಚಕ್ಕಿಂತ ಲೋಪದ ನಂತರದ ವೆಚ್ಚವೇ ಅಧಿಕ; ಹೋದ ಜೀವಕ್ಕಂತೂ ಬೆಲೆ ಕಟ್ಟಲಾಗದು. ಆದರೆ ಬೊಕ್ಕಸಕ್ಕೆ ಹೊರೆಯಾಗುವುದೆಂಬ ಕಾರಣಕ್ಕೆ ಯಾರೂ ಅರ್ಜಿ ಸಲ್ಲಿಸಲು ಹಿಂಜರಿಯಬೇಕಾಗಿಲ್ಲ. ವರದಿಯಾಗದ ಲೋಪ ಸರಿಪಡಿಸಲ್ಪಡುವುದಿಲ್ಲ.

5. ಲಗತ್ತಿಸಬೇಕಾದ ದಾಖಲೆಗಳು (ಯೋಜನೆಯಡಿ)
ಶಸ್ತ್ರಚಿಕಿತ್ಸಾ ಪ್ರಮಾಣಪತ್ರ, ಒಪ್ಪಿಗೆ ಪತ್ರದ ಪ್ರತಿ, ಬಿಡುಗಡೆ ಚೀಟಿ, ತಪಾಸಣಾ ವರದಿ ಹಾಗೂ ಅನ್ವಯಿಸಿದಲ್ಲಿ ಮರಣ ಪ್ರಮಾಣಪತ್ರ. ಅರ್ಜಿ ನಮೂನೆಗಾಗಿ ಶಸ್ತ್ರಚಿಕಿತ್ಸೆ ನಡೆದ ಆಸ್ಪತ್ರೆಯನ್ನು ಅಥವಾ ಬೆಳಗಾವಿಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಿ, ಅರ್ಜಿ ಸಲ್ಲಿಸಿದ್ದಕ್ಕೆ ಸ್ವೀಕೃತಿ ಪಡೆದುಕೊಳ್ಳತಕ್ಕದ್ದು.