ಕೊಟೇಶನ್ ಚೀಟಿಯನ್ನು ಕೆಳಗಿನಿಂದ ಓದಿ

ಬೆಂಗಳೂರಿನ ಟೌನ್‌ಹಾಲ್‌ನಿಂದ ನಡೆದೇ ಹೋಗಬಹುದಾದ ದೂರದಲ್ಲಿ ಸಾದರ ಪತ್ರಪ್ಪ ರಸ್ತೆ ಇದೆ. ಪೂರ್ತಿ ಹೆಸರು ಹೇಳಿದರೆ ಆಟೋದವರೂ ಒಂದು ಕ್ಷಣ ಯೋಚಿಸುತ್ತಾರೆ, ‘ಎಸ್.ಪಿ. ರೋಡ್’ ಎಂದರೆ ಸಾಕು, ಮೀಟರ್ ಹಾಕುತ್ತಾರೆ (ಹಾಕುವವರಾದರೆ). ಅಲ್ಲಿನ ಯಾವುದೇ ಕಂಪ್ಯೂಟರ್ ಅಂಗಡಿಯ ಮುಂದೆ ನಿಂತು ‘ಒಂದು ಸಿಸ್ಟಮ್ ಅಸೆಂಬಲ್ ಮಾಡ್ಬೇಕಿತ್ತು’ ಅನ್ನಿ. ಮೊದಲು ಬರುವ ಪ್ರಶ್ನೆ: ‘ಬಜೆಟ್ ಎಷ್ಟು ಸರ್?’ ನೀವೊಂದು ಮೊತ್ತ ಹೇಳುತ್ತೀರಿ. ಎರಡು ನಿಮಿಷದಲ್ಲಿ ಅಂಗೈ ಅಗಲದ ಚೀಟಿಯೊಂದು ಕೈಗೆ ಬರುತ್ತದೆ. ಇದೇ ಕೊಟೇಶನ್. ತಲೆಸಾಲಿನಲ್ಲಿ ಪ್ರೊಸೆಸರ್, ಕೆಳಗೆ ಮದರ್‌ಬೋರ್ಡ್, ರ್‍ಯಾಮ್, ಎಸ್‌ಎಸ್‌ಡಿ. ಕಟ್ಟಕಡೆಗೆ ಅವಸರದ ಅಕ್ಷರದಲ್ಲಿ ‘ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್’. ಆ ಕೊನೆಯ ಸಾಲಿಗೆ ಎಷ್ಟೋ ಸಲ ಕಂಪನಿಯ ಹೆಸರೇ ಇರುವುದಿಲ್ಲ.

ಮೊದಲ ಸಲ ಕಂಪ್ಯೂಟರ್ ಕಟ್ಟುವವರಿಗೆ ನಾನು ಹೇಳುವುದು ಒಂದೇ: ಈ ಚೀಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿ. ಗಿರಾಕಿ ಕೇಳಿ ಗೊತ್ತಿರುವ ಹೆಸರುಗಳೆಲ್ಲ ಮೇಲೆ ಇರುತ್ತವೆ. ಕತ್ತರಿ ಬೀಳುವುದು ಅವನು ಕಣ್ಣು ಹಾಯಿಸದ ಕೆಳಗಿನ ಸಾಲುಗಳಿಗೆ.

ಹೀಗೆ ಬಿಡಿಬಿಡಿಯಾಗಿ ಆರಿಸಿ ಜೋಡಿಸಲು ಬರುವುದಾದರೂ ಹೇಗೆ? 1981ರ ಆಗಸ್ಟ್‌ನಲ್ಲಿ ಐಬಿಎಂ ತನ್ನ ಪಿಸಿಯನ್ನು ಹೊರತಂದಾಗ ಪೇಟೆಯಲ್ಲಿ ಸಿಗುತ್ತಿದ್ದ ಭಾಗಗಳನ್ನೇ ಹೆಚ್ಚಾಗಿ ಬಳಸಿತ್ತು, ಒಳರಚನೆಯ ವಿವರಗಳನ್ನೂ ಅಚ್ಚು ಹಾಕಿಸಿತ್ತು. ಬೇರೆ ಕಂಪನಿಗಳು ಅದರ ಪಡಿಯಚ್ಚುಗಳನ್ನು ತಂದವು. 1995ರಲ್ಲಿ ಇಂಟೆಲ್ ‘ಎಟಿಎಕ್ಸ್’ ಎಂಬ ಅಳತೆಯನ್ನು ಗೊತ್ತುಮಾಡಿತು. ಮದರ್‌ಬೋರ್ಡಿನ ಉದ್ದಗಲ ಎಷ್ಟು, ಸ್ಕ್ರೂ ತೂತುಗಳು ಎಲ್ಲಿ, ವಿದ್ಯುತ್ ಕನೆಕ್ಟರ್ ಹೇಗೆ ಎಂಬುದೆಲ್ಲ ಅದರಲ್ಲಿದೆ. ಒಂದು ಕಂಪನಿಯ ಬೋರ್ಡು ಇನ್ನೊಂದರ ಡಬ್ಬಿಯಲ್ಲಿ ಕೂರುವುದು ಇದರಿಂದಲೇ.

ಅಂಗಡಿಗೆ ಹೋಗುವ ಮೊದಲು ಕಂಪ್ಯೂಟರಿನಲ್ಲಿ ಏನು ಕೆಲಸ ಎಂಬುದನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳಿ. ‘ಎಲ್ಲಾ ಮಾಡ್ಬೇಕು’ ಎನ್ನುವುದು ಉತ್ತರವಲ್ಲ. ನುಡಿಯಲ್ಲಿ ಟೈಪಿಂಗ್, ಟ್ಯಾಲಿಯಲ್ಲಿ ಲೆಕ್ಕ, ಮಕ್ಕಳ ಆನ್‌ಲೈನ್ ಪಾಠ ಇಷ್ಟೇ ಆದರೆ ಗ್ರಾಫಿಕ್ಸ್ ಕಾರ್ಡಿನ ಮಾತೇ ಬೇಡ. ವಿಡಿಯೊ ಎಡಿಟಿಂಗ್, ತ್ರೀಡಿ ಡ್ರಾಯಿಂಗ್, ದೊಡ್ಡ ಗೇಮ್‌ಗಳಾದರೆ ಚೀಟಿಯೇ ಬೇರೆ. ಆ ಒಂದು ಸಾಲು ಜೇಬಿನಲ್ಲಿದ್ದರೆ ಕೌಂಟರಿನ ಆಚೆಯವರ ಉಮೇದಿಗೆ ನೀವು ಮಣಿಯುವುದಿಲ್ಲ.

ಈಗ ಕೊನೆಯ ಸಾಲು. ಎಸ್‌ಎಂಪಿಎಸ್ ಎಂದರೆ ಗೋಡೆಯಿಂದ ಬರುವ 230 ವೋಲ್ಟಿನ ಎಸಿ ವಿದ್ಯುತ್ತನ್ನು ಕಂಪ್ಯೂಟರಿಗೆ ಬೇಕಾದ 12, 5 ಮತ್ತು 3.3 ವೋಲ್ಟಿನ ಡಿಸಿಯಾಗಿ ಬದಲಿಸಿಕೊಡುವ ಪೆಟ್ಟಿಗೆ. ಒಳಗಿನ ಪ್ರತಿಯೊಂದು ಭಾಗವೂ ಇದರ ಕೈಯಿಂದಲೇ ಉಣ್ಣಬೇಕು. ನನ್ನ ಮೊದಲ ಕಂಪ್ಯೂಟರಿಗೆ ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬಂದಿದ್ದ ಎಸ್‌ಎಂಪಿಎಸ್ ಹಾಕಿಸಿದ್ದೆ. ಮಳೆಗಾಲದ ಒಂದು ಸಂಜೆ ಕರೆಂಟು ಹೋಗಿ ಬಂತು, ಮತ್ತೆ ಹೋಗಿ ಬಂತು. ಮೂರನೆಯ ಸಲ ‘ಟಪ್’ ಎಂಬ ಸದ್ದು, ಆಮೇಲೆ ಸುಟ್ಟ ವಾಸನೆ. ಅದೊಂದೇ ಹೋಗಿದ್ದರೆ ಅಳುತ್ತಿರಲಿಲ್ಲ. ಮದರ್‌ಬೋರ್ಡನ್ನೂ ಹಾರ್ಡ್‌ಡಿಸ್ಕನ್ನೂ ಜೊತೆಗೇ ಕರೆದುಕೊಂಡು ಹೋಯಿತು. ಮಿಕ್ಕ ಭಾಗಗಳು ಕೆಟ್ಟರೆ ತಾವಷ್ಟೇ ಕೆಡುವುದು ಹೆಚ್ಚು. ಇದು ಕೆಟ್ಟರೆ ಮನೆಮಂದಿಯನ್ನೆಲ್ಲ ಎಳೆಯಬಲ್ಲದು.

ಎಷ್ಟು ವ್ಯಾಟ್ ಬೇಕು? ಗ್ರಾಫಿಕ್ಸ್ ಕಾರ್ಡ್ ಇಲ್ಲದ, 65 ವ್ಯಾಟ್ ಪ್ರೊಸೆಸರಿನ ಮನೆಬಳಕೆಯ ಕಂಪ್ಯೂಟರು ಪೂರ್ತಿ ದುಡಿಯುವಾಗಲೂ 150 ವ್ಯಾಟ್ ದಾಟುವುದು ಅಪರೂಪ. ಎನ್‌ವಿಡಿಯಾದ ಆರ್‌ಟಿಎಕ್ಸ್ 3060 ಕಾರ್ಡ್ ಒಂದೇ 170 ವ್ಯಾಟ್ ಎಳೆಯುತ್ತದೆ. ಅದಕ್ಕೆ ಪ್ರೊಸೆಸರು, ಫ್ಯಾನು, ಎಸ್‌ಎಸ್‌ಡಿ ಎಲ್ಲ ಸೇರಿಸಿದರೆ ಸುಮಾರು 300. ಕ್ಷಣಕಾಲದ ಏರಿಳಿತಕ್ಕೂ ಮುಂದಿನ ಅಪ್‌ಗ್ರೇಡಿಗೂ ಜಾಗ ಬಿಟ್ಟು 550 ವ್ಯಾಟಿನದು ತೆಗೆದುಕೊಂಡರೆ ನೆಮ್ಮದಿ. ಆದರೆ ವ್ಯಾಟಿನ ಅಂಕಿಗಿಂತ ಅದನ್ನು ಬರೆದವರು ಯಾರು ಎಂಬುದು ಮುಖ್ಯ. ಹೆಸರಿಲ್ಲದ ಪೆಟ್ಟಿಗೆಯ ಮೇಲಿನ ‘450 ವ್ಯಾಟ್’ ಬರೀ ಸ್ಟಿಕ್ಕರು. ಎತ್ತಿ ನೋಡಿ, ತೀರಾ ಹಗುರವಾಗಿದ್ದರೆ ಒಳಗೆ ತಾಮ್ರವೂ ಅಲ್ಯೂಮಿನಿಯಮ್ಮೂ ಕಡಿಮೆ ಎಂದರ್ಥ. ‘80 ಪ್ಲಸ್’ ಗುರುತಿದ್ದರೆ ಎಳೆದ ವಿದ್ಯುತ್ತಿನಲ್ಲಿ ನೂರಕ್ಕೆ 80 ಪಾಲಾದರೂ ಭಾಗಗಳಿಗೆ ತಲುಪುತ್ತದೆ. ಬ್ರಾಂಝ್, ಗೋಲ್ಡ್ ಎಂದು ಮೇಲೇರಿದಂತೆ ಆ ಪಾಲು ಹೆಚ್ಚುತ್ತದೆ. ಆ ಗುರುತು ಮಿತವ್ಯಯದ ಲೆಕ್ಕವನ್ನಷ್ಟೇ ಹೇಳುತ್ತದೆ, ಸುರಕ್ಷತೆಯ ಭರವಸೆ ಕೊಡುವುದಿಲ್ಲ. ಹೀಗಾಗಿ ವಾರಂಟಿ ಎಷ್ಟು ವರ್ಷ ಎಂದೂ ಕೇಳಿ. ಐದು ವರ್ಷ ಕೊಡುವವರು ಒಳಗೇನು ಹಾಕಿದ್ದೇವೆಂದು ತಿಳಿದೇ ಕೊಡುತ್ತಾರೆ.

ಇಲ್ಲಿಯೇ ಮನೆಯ ಸಾಕೆಟ್ಟನ್ನೂ ನೋಡಿಬಿಡಿ. ಕಂಪ್ಯೂಟರಿನ ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುವ ಅನುಭವ ಹಳೆಯ ಮನೆಗಳಲ್ಲಿ ಸಾಮಾನ್ಯ. ಎಸ್‌ಎಂಪಿಎಸ್ ಒಳಗೆ ವಿದ್ಯುತ್ತಿನ ಗದ್ದಲವನ್ನು ಸೋಸಲೆಂದು ಎರಡು ತಂತಿಗಳಿಂದಲೂ ಲೋಹದ ಮೈಗೆ ಪುಟ್ಟ ಕೆಪಾಸಿಟರುಗಳನ್ನು ಜೋಡಿಸಿರುತ್ತಾರೆ. ಅರ್ತಿಂಗ್ ಸರಿಯಿದ್ದರೆ ಆ ಸೋರಿಕೆ ನೆಲಕ್ಕಿಳಿಯುತ್ತದೆ. ಇಲ್ಲದಿದ್ದರೆ ಕ್ಯಾಬಿನೆಟ್ಟಿನ ಮೈ ಸುಮಾರು 115 ವೋಲ್ಟಿನಲ್ಲಿ ತೇಲುತ್ತಿರುತ್ತದೆ. ಕರೆಂಟು ಅತ್ಯಲ್ಪವಾದ್ದರಿಂದ ಜುಮ್ಮೆಂದು ಬಿಡುತ್ತದೆ, ಅಷ್ಟೇ. ‘ಚಪ್ಪಲಿ ಹಾಕ್ಕೊಂಡು ಮುಟ್ಟು’ ಎನ್ನುವುದು ಇದಕ್ಕೆ ಮದ್ದಲ್ಲ. ಎಲೆಕ್ಟ್ರಿಷಿಯನ್ನನ್ನು ಕರೆಸಿ ಮೂರನೆಯ ಪಿನ್ನಿಗೆ ನಿಜವಾಗಿ ಅರ್ತ್ ಬಂದಿದೆಯೇ ಎಂದು ನೋಡಿಸಿ. ಯುಪಿಎಸ್ ಕೊಳ್ಳುವಾಗಲೂ ಅಂಕಿ ಗಮನಿಸಿ: ಅಗ್ಗದ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಹೊರುತ್ತದೆ.

ಕ್ಯಾಬಿನೆಟ್ ವಿಷಯದಲ್ಲಿ ನನ್ನ ಪಕ್ಷಪಾತ ಮುಚ್ಚಿಡುವುದಿಲ್ಲ. ಮುಂದೆ ಗಾಜು, ಒಳಗೆ ಏಳು ಬಣ್ಣದ ದೀಪ ಇರುವವು ಮದುವೆ ಛತ್ರದ ಹಾಗೆ ಕಾಣುತ್ತವೆ. ಮುಂಭಾಗಕ್ಕೆ ಜಾಲರಿ, ಗಾಳಿ ಒಳಗೆಳೆಯಲು ಒಂದೆರಡು ಫ್ಯಾನು, ಹಿಂದೆ ಹೊರಹಾಕಲು ಒಂದು, ಕಳಚಿ ತೊಳೆಯಬಹುದಾದ ದೂಳಿನ ಪರದೆ ಇಷ್ಟಿದ್ದರೆ ಸಾಕು. ಪ್ರೊಸೆಸರುಗಳು 95 ಡಿಗ್ರಿಯ ಆಸುಪಾಸು ಮುಟ್ಟಿದರೆ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಏಪ್ರಿಲ್‌ನ ರಾಯಚೂರಿನಲ್ಲಿ ಕೋಣೆಯೇ 40 ಡಿಗ್ರಿ ಇರುವಾಗ ಗಾಜಿನ ಪೆಟ್ಟಿಗೆಯೊಳಗೆ ಏನಾದೀತು, ಯೋಚಿಸಿ. ಅಳತೆಯನ್ನೂ ನೋಡಿ: ಎಟಿಎಕ್ಸ್ ಬೋರ್ಡು 305 ಮಿ.ಮೀ. ಉದ್ದ, 244 ಮಿ.ಮೀ. ಅಗಲ, ಮೈಕ್ರೊ ಎಟಿಎಕ್ಸ್ 244ಕ್ಕೆ 244. ದೊಡ್ಡ ಡಬ್ಬಿಯಲ್ಲಿ ಚಿಕ್ಕ ಬೋರ್ಡು ಕೂರುತ್ತದೆ, ಚಿಕ್ಕದರಲ್ಲಿ ದೊಡ್ಡದು ಕೂರುವುದಿಲ್ಲ.

ಎಸ್‌ಎಸ್‌ಡಿಯ ಬಗ್ಗೆ ಹೆಚ್ಚು ಮಾತು ಬೇಡ. ವಿಂಡೋಸ್ ಆಗಲಿ ಲಿನಕ್ಸ್ ಆಗಲಿ, ಅದರ ಮೇಲೆಯೇ ಇರಬೇಕು. ತಿರುಗುವ ಹಾರ್ಡ್‌ಡಿಸ್ಕು ಸೆಕೆಂಡಿಗೆ 150-200 ಎಂಬಿ ಓದಿದರೆ ಸಾಟಾ ಎಸ್‌ಎಸ್‌ಡಿ ಸುಮಾರು 550, ಎನ್‌ವಿಎಂಇ ಎಸ್‌ಎಸ್‌ಡಿ 3,500 ಎಂಬಿಯವರೆಗೂ, ಹೊಸ ಪೀಳಿಗೆಯದಾದರೆ ಅದರ ಇಮ್ಮಡಿಯೂ ಓದುತ್ತದೆ. ಚೂಯಿಂಗ್ ಗಮ್ ಪಟ್ಟಿಯಂತೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದದ ಎಂ.2 ಚೂರು ನೋಡಿದೊಡನೆ ಎನ್‌ವಿಎಂಇ ಎಂದು ತಿಳಿಯಬೇಡಿ. ಅದೇ ಆಕಾರದಲ್ಲಿ ಸಾಟಾ ಕೂಡ ಬರುತ್ತದೆ. ಪೆಟ್ಟಿಗೆಯ ಮೇಲೆ ಓದಿಯೇ ಕೊಳ್ಳಿ. ಹಳೆಯ ಹಾರ್ಡ್‌ಡಿಸ್ಕು ಫೋಟೊ, ಹಾಡು ತುಂಬಿಡಲು ಇರಲಿ.

ರ್‍ಯಾಮ್ ಇಂದಿಗೆ 16 ಜಿಬಿ ಇದ್ದರೆ ಒಳ್ಳೆಯದು. ಅದೂ 16ರ ಒಂದೇ ಪಟ್ಟಿಗಿಂತ 8ರ ಎರಡು. ಪ್ರೊಸೆಸರಿಗೂ ರ್‍ಯಾಮಿಗೂ ನಡುವೆ ಎರಡು ದಾರಿಗಳಿವೆ. ಒಂದೇ ಪಟ್ಟಿ ಹಾಕಿದರೆ ಒಂದು ದಾರಿ ಖಾಲಿ ಬೀಳುತ್ತದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರಿನಲ್ಲಿ ಪರದೆಯ ಕೆಲಸಕ್ಕೂ ಈ ರ್‍ಯಾಮನ್ನೇ ಹಂಚಿಕೊಳ್ಳಬೇಕಾದ್ದರಿಂದ ಅಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿ ಎರಡನೆಯ, ನಾಲ್ಕನೆಯ ಸ್ಲಾಟಿಗೆ ಹಾಕಬೇಕು. ಆಮೇಲೆ ಬಯೋಸ್‌ಗೆ (ಬೋರ್ಡಿನದೇ ಸೆಟ್ಟಿಂಗ್ ಪುಟಕ್ಕೆ) ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬುದನ್ನು ಆನ್ ಮಾಡದಿದ್ದರೆ ಎಷ್ಟೋ ರ್‍ಯಾಮ್‌ಗಳು ಮೇಲೆ ಬರೆದ ವೇಗಕ್ಕಿಂತ ನಿಧಾನವಾಗಿಯೇ ಓಡುತ್ತಿರುತ್ತವೆ. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್ನುಗಳು. ಆದರೆ ಕಚ್ಚು ಬೇರೆ ಬೇರೆ ಕಡೆ ಇದೆ. ಕೂರದಿದ್ದರೆ ಒತ್ತಬೇಡಿ, ಅದು ನಿಮ್ಮ ಬೋರ್ಡಿನದಲ್ಲ.

ಚಿಪ್ ತಯಾರಕರು ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳತ್ತ ತಿರುಗಿದ್ದರಿಂದ 2025ರ ಕೊನೆಯ ಹೊತ್ತಿಗೆ ರ್‍ಯಾಮ್ ಬೆಲೆ ವಿಪರೀತ ಏರಿತು. ಜಗತ್ತಿನ ರ್‍ಯಾಮ್ ಚಿಪ್‌ಗಳಲ್ಲಿ ಬಹುಪಾಲು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳದ್ದು. ಅವು ಮುಖ ತಿರುಗಿಸಿದರೆ ಎಸ್.ಪಿ. ರೋಡಿನ ಚೀಟಿ ಬದಲಾಗುತ್ತದೆ. ಹಳೆಯ ಕಂಪ್ಯೂಟರಿನಲ್ಲಿ ಡಿಡಿಆರ್4 ಪಟ್ಟಿಗಳಿದ್ದರೆ ಅವನ್ನು ಬಳಸುವ ಬೋರ್ಡನ್ನೇ ಆರಿಸುವುದು ಜಾಣತನ. ರ್‍ಯಾಮ್ ಸೆಕೆಂಡ್‌ಹ್ಯಾಂಡ್ ಆದರೂ ಪರವಾಗಿಲ್ಲ. ಎಸ್‌ಎಂಪಿಎಸ್ ಮಾತ್ರ ಬೇಡವೇ ಬೇಡ.

ಇಷ್ಟಾದ ಮೇಲೆ ಚೀಟಿಯ ತಲೆಗೆ ಬನ್ನಿ. ‘ಐ7 ಕಂಪ್ಯೂಟರ್, ಇಷ್ಟೇ ರೂಪಾಯಿ’ ಎಂಬ ಬೋರ್ಡುಗಳನ್ನು ನೀವೂ ನೋಡಿರುತ್ತೀರಿ. ‘ಯಾವ ಐ7?’ ಎಂದು ಕೇಳಿ. ಇಂಟೆಲ್‌ನ ಐ7-2600 ಎಂದರೆ 2011ರ ಜನವರಿಯದು. ನಾಲ್ಕು ಕೋರ್, ಎಂಟು ಥ್ರೆಡ್, ಡಿಡಿಆರ್3 ರ್‍ಯಾಮ್. 2022ರಲ್ಲಿ ಬಂದ ಐ3-12100ಕ್ಕೂ ನಾಲ್ಕೇ ಕೋರ್, ಎಂಟೇ ಥ್ರೆಡ್. ಕೆಲಸಕ್ಕೆ ನಿಂತರೆ ಈ ಐ3 ಆ ಐ7ನ್ನು ಬಹಳ ಹಿಂದೆ ಹಾಕುತ್ತದೆ. ಹೈಫನ್ನಿನ ನಂತರದ ಅಂಕಿಯೇ ಪೀಳಿಗೆ: 2600ರ ‘2’, 12100ರ ‘12’. ವಿಂಡೋಸ್ 11 ಅಧಿಕೃತವಾಗಿ ಇಂಟೆಲ್‌ನ ಎಂಟನೆಯ ಪೀಳಿಗೆಯಿಂದ ಈಚೆಗಷ್ಟೇ ಒಪ್ಪುತ್ತದೆ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆ ಐ7ನಲ್ಲಿ ಲಿನಕ್ಸ್ ಹಾಕಿಕೊಂಡು ಸುಖವಾಗಿರಬಹುದು, ನಿಜ. ಆದರೆ ಅದನ್ನು ಹೊಸದೆಂಬ ದರಕ್ಕೆ ಕೊಳ್ಳುವುದು ಮೋಸ ಹೋದಂತೆಯೇ.

ಅಂಕಿಯ ಬಾಲದಲ್ಲಿರುವ ಅಕ್ಷರವೂ ಮುಖ್ಯ. ಒಮ್ಮೆ ಗೆಳೆಯನ ಮಗ ರಾತ್ರಿ ಹತ್ತಕ್ಕೆ ಫೋನ್ ಮಾಡಿದ: ‘ಅಂಕಲ್, ಫ್ಯಾನ್ ತಿರುಗ್ತಿದೆ, ಡಿಸ್‌ಪ್ಲೇ ಬರ್ತಿಲ್ಲ.’ ರ್‍ಯಾಮ್ ಕಿತ್ತು ಹಾಕಿಸಿದೆ, ಕೇಬಲ್ ಬದಲಿಸಲು ಹೇಳಿದೆ. ಕೊನೆಗೆ ಪ್ರೊಸೆಸರ್ ಡಬ್ಬಿ ಓದಪ್ಪಾ ಎಂದರೆ ‘12100ಎಫ್’ ಎಂದ. ಇಂಟೆಲ್‌ನಲ್ಲಿ ಎಫ್ ಎಂದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಹಾಕುವವರೆಗೆ ಪರದೆ ಕತ್ತಲೆಯೇ. ಅಂಗಡಿಯವರು ಕೆಲವು ನೂರು ರೂಪಾಯಿ ಉಳಿಸಿಕೊಟ್ಟಿದ್ದರು! ಎಎಂಡಿಯ ರೈಝೆನ್ 5 5600ರಲ್ಲೂ ಗ್ರಾಫಿಕ್ಸ್ ಇಲ್ಲ, 5600ಜಿಯಲ್ಲಿ ಇದೆ. ಕಾರ್ಡ್ ಬೇಡದ ಮನೆಗೆ ಆರು ಕೋರಿನ ಈ 5600ಜಿ ನನ್ನ ಮಟ್ಟಿಗೆ ಇವತ್ತಿಗೂ ಒಳ್ಳೆಯ ಆಯ್ಕೆ.

ಪ್ರೊಸೆಸರನ್ನೂ ಬೋರ್ಡನ್ನೂ ಬೇರೆ ಬೇರೆಯಾಗಿ ಆರಿಸಲು ಬರುವುದಿಲ್ಲ. ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಸಾಕೆಟ್ ಎರಡಕ್ಕೂ ಒಂದೇ ಇರಬೇಕು. 5600ಜಿ ಕೂರುವುದು ಎಎಂ4 ಸಾಕೆಟ್ಟಿನಲ್ಲಿ, ಅದಕ್ಕೆ ಡಿಡಿಆರ್4. 2022ರಲ್ಲಿ ಬಂದ ಎಎಂ5ಕ್ಕೆ ಡಿಡಿಆರ್5 ಮಾತ್ರ. ಇಂಟೆಲ್‌ನ 12, 13, 14ನೆಯ ಪೀಳಿಗೆಗಳು ಎಲ್‌ಜಿಎ 1700ರಲ್ಲಿ ಕೂರುತ್ತವೆ. ಈ ಬೋರ್ಡುಗಳು ಡಿಡಿಆರ್4ರಲ್ಲೂ ಡಿಡಿಆರ್5ರಲ್ಲೂ ಬರುವುದರಿಂದ ಯಾವುದೆಂದು ಕೇಳಿಯೇ ತೆಗೆದುಕೊಳ್ಳಿ. ನಾಲ್ಕು ವರ್ಷದ ನಂತರ ಪ್ರೊಸೆಸರ್ ಮಾತ್ರ ಬದಲಿಸುವ ಆಸೆಯಿದ್ದರೆ ಎಎಂ5 ಮೇಲು, ಏಕೆಂದರೆ ಎಎಂಡಿ ಒಂದು ಸಾಕೆಟ್ಟನ್ನು ಇಂಟೆಲ್‌ಗಿಂತ ಹೆಚ್ಚು ಕಾಲ ಉಳಿಸಿಕೊಂಡು ಬಂದಿದೆ. ಹಳೆಯ ಸ್ಟಾಕಿನ ಬೋರ್ಡು, ಹೊಸ ಪ್ರೊಸೆಸರು ಆದರೆ ಬಯೋಸ್ ಅಪ್‌ಡೇಟ್ ಅಂಗಡಿಯಲ್ಲೇ ಮಾಡಿಸಿಕೊಂಡು ಬನ್ನಿ.

ಗ್ರಾಫಿಕ್ಸ್ ಕಾರ್ಡ್ ಬೇಕಿದ್ದವರು ಉಳಿದ ಹಣದ ದೊಡ್ಡ ಪಾಲನ್ನು ಅದಕ್ಕೇ ಇಡಿ. ನೊಗಕ್ಕೆ ಒಂದು ಕಡೆ ಭಾರಿ ಎತ್ತು, ಇನ್ನೊಂದು ಕಡೆ ಕರು ಕಟ್ಟಿದರೆ ಸಾಲು ಸೊಟ್ಟ ಹೋಗುತ್ತದೆ. ಗೇಮ್ ಆಡುವವರ ಕಂಪ್ಯೂಟರಿನಲ್ಲಿ ಐ9 ಪ್ರೊಸೆಸರು, ಹರಕು ಕಾರ್ಡು ಇದ್ದರೂ ಇದೇ ಕತೆ. ಮಾನಿಟರಿನ ಕೇಬಲನ್ನು ಕಾರ್ಡಿಗೇ ಸಿಕ್ಕಿಸಿ. ಬೋರ್ಡಿಗೆ ಸಿಕ್ಕಿಸಿ ‘ಕಾರ್ಡ್ ಸರಿಯಿಲ್ಲ’ ಎಂದು ಅಂಗಡಿಗೆ ಹೊತ್ತುಕೊಂಡು ಹೋದವರು ಬಹಳ ಮಂದಿ ಇದ್ದಾರೆ, ನನ್ನನ್ನೂ ಸೇರಿಸಿ.

ಪ್ರೊಸೆಸರ್ ಕೊಳ್ಳುವಾಗ ಸೀಲಾದ ಡಬ್ಬಿಯದ್ದನ್ನೇ ಕೇಳಿ. ಅದಕ್ಕೆ ಕಂಪನಿಯ ಮೂರು ವರ್ಷದ ವಾರಂಟಿ ಇರುತ್ತದೆ. ‘ಟ್ರೇ’ ಎಂದು ಬಿಡಿಯಾಗಿ ಕೊಡುವ ಪ್ರೊಸೆಸರಿಗೆ ಮಾರಿದವರೇ ಹೊಣೆ. ಪ್ರತಿ ಭಾಗದ ಪೂರ್ತಿ ಮಾಡೆಲ್ ಹೆಸರೂ ಸೀರಿಯಲ್ ನಂಬರೂ ಇರುವ ಜಿಎಸ್‌ಟಿ ಬಿಲ್ಲನ್ನು ಕೇಳಿ ಪಡೆಯಿರಿ. ‘ಬಿಲ್ ಇಲ್ದೆ ಆದ್ರೆ ಕಮ್ಮಿ ಆಗುತ್ತೆ ಸರ್’ ಎಂದರೆ ಪಕ್ಕದ ಅಂಗಡಿಗೆ ನಡೆಯಿರಿ, ಎಸ್.ಪಿ. ರೋಡಿನಲ್ಲಿ ಅಂಗಡಿಗಳಿಗೆ ಬರವಿಲ್ಲ.