ನ್ಯಾಯಪೀಠದಿಂದ ಸಭಾಧ್ಯಕ್ಷ ಪೀಠಕ್ಕೆ: ಕೆ.ಎಸ್. ಹೆಗ್ಡೆ ಸಾಗಿದ ಹಾದಿ

ವಕೀಲರು ಶಾಸನಸಭೆ ಪ್ರವೇಶಿಸುವುದು ನಮ್ಮಲ್ಲಿ ಹೊಸದಲ್ಲ. ಆದರೆ ಶಾಸನಸಭೆಯಿಂದ ನ್ಯಾಯಪೀಠಕ್ಕೇರಿ, ಅಲ್ಲಿಂದ ಮತ್ತೆ ಶಾಸನಸಭೆಗೆ ಮರಳಿದವರು ವಿರಳ. ಕಾರ್ಕಳ ತಾಲ್ಲೂಕಿನ ಕೌಡೂರಿನಲ್ಲಿ 1909ರಲ್ಲಿ ಜನಿಸಿದ ಕೌಡೂರು ಸದಾನಂದ ಹೆಗ್ಡೆ ಅಂಥವರಲ್ಲೊಬ್ಬರು.

ಮದರಾಸಿನಲ್ಲಿ ಕಾನೂನು ಓದಿದ ಹೆಗ್ಡೆಯವರು ಕೆಲಕಾಲ ಸರ್ಕಾರಿ ವಕೀಲರಾಗಿದ್ದು, 1952ರಲ್ಲಿ ರಾಜ್ಯಸಭೆಗೆ ಆಯ್ಕೆಯಾದರು. ದಕ್ಷಿಣ ಕನ್ನಡ ಆಗ ಮದರಾಸು ರಾಜ್ಯದಲ್ಲಿತ್ತು. 1957ರಲ್ಲಿ ಸದಸ್ಯತ್ವ ತೊರೆದು ಮೈಸೂರು ಹೈಕೋರ್ಟ್ ನ್ಯಾಯಮೂರ್ತಿಯಾದರು. 1966ರಲ್ಲಿ ದೆಹಲಿ ಹೈಕೋರ್ಟಿನ ಪ್ರಥಮ ಮುಖ್ಯ ನ್ಯಾಯಮೂರ್ತಿ, ಮರುವರ್ಷ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ.

ಅವರ ಬದುಕಿಗೆ ತಿರುವು ಕೊಟ್ಟದ್ದು ಕೇಶವಾನಂದ ಭಾರತಿ ಪ್ರಕರಣ. ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ. ಅವರ ಅರ್ಜಿಯ ವಿಚಾರಣೆ ನಡೆಸಿದ ಪೀಠದಲ್ಲಿ ನೆರೆಯ ತುಳುನಾಡಿನವರೇ ಒಬ್ಬರು ಕುಳಿತಿದ್ದುದು ಆಕಸ್ಮಿಕ. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದು 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೈಕಿ 7 ಮಂದಿ ತೀರ್ಪಿತ್ತರು. ಸ್ವತಃ ಸಂಸದರಾಗಿದ್ದ ಹೆಗ್ಡೆಯವರು ಸಂಸತ್ತಿನ ಅಧಿಕಾರಕ್ಕೆ ಮಿತಿ ಹಾಕಿದ ಈ ಬಹುಮತದಲ್ಲಿದ್ದರು. ಮರುದಿನವೇ ಇಂದಿರಾ ಗಾಂಧಿ ಸರ್ಕಾರವು ಶೆಲತ್, ಹೆಗ್ಡೆ, ಗ್ರೋವರ್ ಮೂವರ ಹಿರಿತನವನ್ನು ಬದಿಗಿಟ್ಟು ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ಪ್ರಕಟಿಸಿತು. ಮೂವರೂ ರಾಜೀನಾಮೆ ನೀಡಿದರು.

ತುರ್ತು ಪರಿಸ್ಥಿತಿಯ ನಂತರದ 1977ರ ಚುನಾವಣೆಯಲ್ಲಿ ಕರ್ನಾಟಕದ ಬಹುತೇಕ ಕ್ಷೇತ್ರಗಳು ಕಾಂಗ್ರೆಸ್ ಪಾಲಾದರೂ ಬೆಂಗಳೂರು ದಕ್ಷಿಣದಲ್ಲಿ ಜನತಾ ಪಕ್ಷದ ಹೆಗ್ಡೆ ಗೆದ್ದರು. ಸೋತವರು ಕೆಂಗಲ್ ಹನುಮಂತಯ್ಯ! ನೀಲಂ ಸಂಜೀವ ರೆಡ್ಡಿ ರಾಷ್ಟ್ರಪತಿಯಾದಾಗ ತೆರವಾದ ಲೋಕಸಭೆಯ ಸಭಾಧ್ಯಕ್ಷ ಸ್ಥಾನ ಜುಲೈನಲ್ಲಿ ಹೆಗ್ಡೆಯವರಿಗೆ ಒಲಿಯಿತು.

ಆ ಪೀಠದ ಮುಂದೆಯೇ 1978ರಲ್ಲಿ ಇಂದಿರಾ ಬಂದು ನಿಲ್ಲಬೇಕಾಯಿತು. ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಗೆದ್ದು ಸದನಕ್ಕೆ ಬಂದಿದ್ದ ಅವರ ಮೇಲೆ, ಮಾರುತಿ ಸಂಸ್ಥೆಯ ಮಾಹಿತಿ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ ಹಿಂದೆ ಅಡ್ಡಿಪಡಿಸಿದ್ದರೆಂಬ ಹಕ್ಕುಚ್ಯುತಿ ಆರೋಪವಿತ್ತು. ಡಿಸೆಂಬರ್ 19ರಂದು ಸದನ ಅವರನ್ನು ಉಚ್ಚಾಟಿಸಿ ಸೆರೆಮನೆಗೆ ಕಳುಹಿಸಿತು. ಇದನ್ನು ಹೆಗ್ಡೆಯವರ ಸೇಡು ಎನ್ನುವುದು ಸುಲಭ, ಆದರೆ ನ್ಯಾಯವಲ್ಲ. ನಿರ್ಣಯ ಮಂಡಿಸಿದವರು ಪ್ರಧಾನಿ ಮೊರಾರ್ಜಿ ದೇಸಾಯಿ, ಒಪ್ಪಿದ್ದು ಸದನದ ಬಹುಮತ. ಮತಗಳು ಸಮವಾದ ಹೊರತು ಸಭಾಧ್ಯಕ್ಷರಿಗೆ ಮತದಾನದ ಅವಕಾಶವೇ ಇಲ್ಲ.

1981ರಲ್ಲಿ ಮುಂದಿನ ಲೋಕಸಭೆ ಆ ನಿರ್ಣಯವನ್ನು ರದ್ದುಪಡಿಸಿತು. ಆ ವೇಳೆಗೆ ಹೆಗ್ಡೆಯವರು ಸದನದಲ್ಲಿರಲಿಲ್ಲ. 1979ರಲ್ಲಿ ತಾವೇ ಸ್ಥಾಪಿಸಿದ್ದ ನಿಟ್ಟೆ ಶಿಕ್ಷಣ ಸಂಸ್ಥೆಯನ್ನು ಊರಿಗೆ ಬಿಟ್ಟು, 1990ರಲ್ಲಿ ನಿಧನರಾದರು.